ಸೂಜಿ ಮಿಸ್ಸಿನ ಗುರುವಾರದ ಪೀರಿಯಡ್ಡು

ಅವರಿಗೆ ಸೂಜಿ ಮಿಸ್ ಎಂದು ಹೆಸರಿಟ್ಟವರು ಯಾವ ವರ್ಷದ ಮಕ್ಕಳೋ ಯಾರಿಗೂ ಗೊತ್ತಿಲ್ಲ. ನಾನು ವಿಜ್ಞಾನದ ಟೀಚರಾಗಿ ಆ ಶಾಲೆಗೆ ಸೇರುವ ಹೊತ್ತಿಗೆ ಆ ಹೆಸರು ಎಷ್ಟು ಹಳೆಯದಾಗಿತ್ತೆಂದರೆ, ಆಫೀಸಿನ ಗುಮಾಸ್ತರೂ ಹಾಗೆಯೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕಿದ್ದು ಅವರ ಪಕ್ಕದ ಕುರ್ಚಿ. ಏಳು ವರ್ಷ ಒಂದೇ ಮೇಜಿನ ಮೇಲೆ ಇಬ್ಬರೂ ಡಬ್ಬಿ ಬಿಚ್ಚಿ ಊಟ ಮಾಡಿದ್ದೇವೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ನಾನೇ ಕಂಡದ್ದು, ಇನ್ನರ್ಧ ಅವರ ಬಾಯಿಂದ ಕೇಳಿದ್ದು.

ಅವರು ಹೊಲಿಗೆ ಟೀಚರು. ಹತ್ತನೇ ಕ್ಲಾಸು ಮುಗಿಸಿ ಎರಡು ವರ್ಷ ಹೊಲಿಗೆ ಕಲಿತು, ಮದುವೆಗೆ ಮುಂಚೆ ಒಂದು ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಿಷನ್ನು ತುಳಿದವರು. ಮೆಟ್ಟಿಲ ಪಕ್ಕದ ಉದ್ದನೆಯ ಕೋಣೆಯಲ್ಲಿ ಒಂಬತ್ತು ಹೊಲಿಗೆ ಮಿಷನ್ನುಗಳನ್ನು ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಕಾಜಾ ಮಾಡುವುದು, ಗುಂಡಿ ಹಾಕುವುದು, ಅಂಚು ಮಡಿಸುವುದು ಕಲಿಸಿದರು. ಅವರು ಬೈದದ್ದನ್ನು ಯಾರೂ ಕೇಳಿಲ್ಲ. ಹೊಲಿಗೆ ಸೊಟ್ಟಗಾದರೆ ಹತ್ತಿರ ಬಂದು ನೋಡಿ, "ಬಿಚ್ಚು" ಅನ್ನುತ್ತಿದ್ದರು, ಅಷ್ಟೆ. ಯಾರಾದರೂ ಅಳು ಮುಖ ಮಾಡಿದರೆ, "ಬಿಚ್ಚೋಕೆ ನಾಚ್ಕೋಬಾರ್ದು ಕಣೇ. ಸೊಟ್ಟಗಿರೋದನ್ನ ಹಾಕ್ಕೊಂಡು ಓಡಾಡೋಕೆ ನಾಚ್ಕೋ" ಅನ್ನುತ್ತಿದ್ದರು.

ಆಮೇಲೆ ಶಾಲೆಗೆ ಫಲಿತಾಂಶದ ಹುಚ್ಚು ಹಿಡಿಯಿತು. ಗೇಟಿನ ಹೊರಗೆ ನೂರಕ್ಕೆ ತೊಂಬತ್ತೆಂಟು, ತೊಂಬತ್ತೊಂಬತ್ತು ತೆಗೆದವರ ಫೋಟೋಗಳ ದೊಡ್ಡ ಬ್ಯಾನರು ಬಂತು. ಹೊಲಿಗೆ ಕೋಣೆ ಕಂಪ್ಯೂಟರ್ ಕೋಣೆಯಾಯಿತು, ಮಿಷನ್ನುಗಳು ಮುಸುಕು ಹೊದ್ದು ಉಗ್ರಾಣ ಸೇರಿದವು. ಸೂಜಿ ಮಿಸ್ಸನ್ನು ಮಾತ್ರ ಮನೆಗೆ ಕಳಿಸಲಿಲ್ಲ. ಅದೇ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು: ಎಲ್ಲ ತರಗತಿಗೂ ವಾರಕ್ಕೊಂದು ಪೀರಿಯಡ್ಡು ಮೌಲ್ಯ ಶಿಕ್ಷಣ ಕಡ್ಡಾಯ. ಯಾರು ಕಲಿಸಬೇಕು ಅಂತ ಕೇಳಿದಾಗ ಪ್ರತಿಯೊಬ್ಬರಿಗೂ ಮುಗಿಯದ ಪಾಠವಿತ್ತು. ಕೈ ಖಾಲಿ ಇದ್ದವರು ಅವರೊಬ್ಬರೇ.

"ಸೂಜೀಲಿ ಹರಿದದ್ದು ಹೊಲಿಯೋರು ನೀವು. ಮಕ್ಕಳ ನಡತೆಯನ್ನೂ ಹೊಲೀರಿ" ಎಂದು ಲೆಕ್ಕದ ಮೇಷ್ಟ್ರು ನಕ್ಕರು. ನಾವೂ ನಕ್ಕೆವು.

ಆ ಪೀರಿಯಡ್ಡಿಗೆ ಪುಸ್ತಕವೂ ಇತ್ತು. ಪಾಠದ ಕೊನೆಗೆ ಬಿಟ್ಟ ಸ್ಥಳ ತುಂಬಿರಿ: ಸದಾ ———ವನ್ನೇ ನುಡಿಯಬೇಕು. ಹಿರಿಯರನ್ನು ———ಬೇಕು. ಮಕ್ಕಳು ಒಂದೇ ಉಸಿರಿಗೆ ತುಂಬಿ, ಹತ್ತಕ್ಕೆ ಹತ್ತು ತೆಗೆದುಕೊಂಡು, ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದರು. ಒಮ್ಮೆ 'ಪ್ರಾಮಾಣಿಕತೆ ಎಂದರೇನು' ಅನ್ನುವ ಪ್ರಶ್ನೆಗೆ ಇಬ್ಬರು ಅಕ್ಷರ ಬಿಡದಂತೆ ಒಂದೇ ಉತ್ತರ ಬರೆದಿದ್ದರು, ಒಂದೇ ಕಾಗುಣಿತದ ತಪ್ಪಿನ ಸಮೇತ. ಆ ಹಾಳೆಗಳನ್ನು ಸೂಜಿ ಮಿಸ್ ನನಗೆ ತೋರಿಸಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ. "ಇವರಿಗೆ ಉತ್ತರ ಗೊತ್ತು. ಉತ್ತರ ಗೊತ್ತಿರೋರಿಗೆ ಏನು ಕಲಿಸ್ಲಿ?" ಅಂದರು.

ಒಂಬತ್ತನೇ ತರಗತಿಗೆ ಅವರ ಪೀರಿಯಡ್ಡು ಇದ್ದದ್ದು ಗುರುವಾರ, ಕೊನೆಯ ಗಂಟೆ. ಅದು ತಿಂಗಳಿಗೆ ಒಂದು ಸಿಕ್ಕರೆ ಪುಣ್ಯ. "ಮಿಸ್, ಇವತ್ತೊಂದಿನ ಪೀರಿಯಡ್ ಕೊಡ್ತೀರಾ? ಪೋರ್ಷನ್ ಹಿಂದಿದೆ" ಎಂದು ಯಾರಾದರೊಬ್ಬರು ಬಾಗಿಲಲ್ಲಿ ನಿಂತಿರುತ್ತಿದ್ದರು. ನಾನೂ ನಿಂತಿದ್ದೇನೆ. ಅವರು ಇಲ್ಲ ಅಂದದ್ದೇ ಇಲ್ಲ.

ನಮ್ಮ ಶಾಲೆಯಲ್ಲಿ ಒಬ್ಬ ಆಯಮ್ಮ ಇದ್ದಳು. ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಬಂದವಳು, ಹದಿನೈದು ವರ್ಷದಿಂದ ಇದ್ದಳು. ಚಿಕ್ಕ ಮಕ್ಕಳ ಮೂಗು ಒರೆಸುವುದು, ಶೂ ಲೇಸು ಕಟ್ಟುವುದು, ಬೆಳಿಗ್ಗೆ ಕೋಣೆಗಳ ಬೀಗ ತೆಗೆದು ಕಸ ಹೊಡೆದು ನೆಲ ಒರೆಸುವುದು ಅವಳ ಕೆಲಸ. ಬೀಗದ ಕೈಗಳ ಗೊಂಚಲು ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದಳು. ಅವಳು ಬರುವುದಕ್ಕೆ ಮುಂಚೆ ಆ ಸದ್ದು ಬರುತ್ತಿತ್ತು. ಸೂಜಿ ಮಿಸ್ಸಿಗೂ ಅವಳಿಗೂ ಒಳ್ಳೆ ಗೆಳೆತನ. ಅವಳ ಕುಪ್ಪಸಗಳನ್ನೆಲ್ಲ ಹೊಲಿದುಕೊಟ್ಟವರು ಇವರೇ.

ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೇ ತರಗತಿಯ ಲೆಕ್ಕದ ಪ್ರಶ್ನೆಪತ್ರಿಕೆಯ ಕಟ್ಟು ಬಿಚ್ಚಿದಾಗ ಒಂದು ಹಾಳೆ ಕಮ್ಮಿ ಇತ್ತು. ಕಂದು ಕವರಿನ ಒಂದು ಮೂಲೆಯನ್ನು ಬ್ಲೇಡಿನಿಂದ ಸೀಳಿ, ಮತ್ತೆ ಗೋಂದು ಹಚ್ಚಿ ಅಂಟಿಸಿದ್ದರು. ಪತ್ರಿಕೆಗಳನ್ನು ಇಟ್ಟಿದ್ದು ಆಫೀಸಿನ ಪಕ್ಕದ ಸಣ್ಣ ಕೋಣೆಯಲ್ಲಿ. ಅದರ ಬೀಗದ ಕೈ ಇದ್ದದ್ದು ಪ್ರಿನ್ಸಿಪಾಲ್ ಮೇಡಂ ಹತ್ತಿರ ಒಂದು, ಆಯಮ್ಮನ ಹತ್ತಿರ ಇನ್ನೊಂದು.

ಆಯಮ್ಮನನ್ನು ಕರೆಸಿ ಕೇಳಿದರು. ಅವಳು ಯೋಚನೆ ಮಾಡಿ ಹೇಳಿದಳು: ಎರಡು ದಿನದ ಹಿಂದೆ ಬೆಳಿಗ್ಗೆ ಆ ಕೋಣೆ ಒರೆಸುತ್ತಿದ್ದಾಗ ಒಬ್ಬಳು ಹುಡುಗಿ ಬಂದಳು, ಲೆಕ್ಕದ ಸರ್ ನೋಟ್ ಬುಕ್ಕಿನ ಕಟ್ಟು ತರೋಕೆ ಹೇಳಿದ್ದಾರೆ ಅಂದಳು, ನಾನು ಬಕೀಟಿನ ನೀರು ಬದಲಾಯಿಸೋಕೆ ನಲ್ಲಿ ಹತ್ರ ಹೋಗಿ ಬಂದೆ, ಬರೋವಷ್ಟರಲ್ಲಿ ಹೋಗಿದ್ದಳು. ಯಾವ ಹುಡುಗಿ ಅಂದರು. ಅವಳು ಹೇಳಿದ ಹುಡುಗಿ ತರಗತಿಗೇ ಮೊದಲಿನವಳು. ಸ್ಟಾಫ್ ರೂಮಿನಲ್ಲಿ ನಾವು ಅವಳಿಗಿಟ್ಟ ಹೆಸರೇ ರ‍್ಯಾಂಕಮ್ಮ. ಊರಿಗೇ ಹೆಸರಾದ ಹಲ್ಲಿನ ಡಾಕ್ಟರ ಒಬ್ಬಳೇ ಮಗಳು.

ಹುಡುಗಿಯನ್ನು ಕರೆಸಿದರು. ಪ್ರಿನ್ಸಿಪಾಲ್ ಮೇಡಂ ಕೋಣೆಯಲ್ಲಿ ಆ ಹೊತ್ತು ಲೆಕ್ಕದ ಮೇಷ್ಟ್ರೂ ಇದ್ದರು, ಅವರೇ ಬಂದು ನಮಗೆ ಹೇಳಿದ್ದು. ಹುಡುಗಿ ನೆಟ್ಟಗೆ ನಿಂತು, "ನಾನು ಹೋಗ್ಲೇ ಇಲ್ಲ ಮೇಡಂ" ಅಂದಳಂತೆ. ಆಯಮ್ಮ ಬೆಪ್ಪಾಗಿ, "ಮಗೂ, ಜ್ಞಾಪಿಸ್ಕೋ. ನಿನ್ನ ಶೂಗೆ ನೀರು ತಾಗುತ್ತೆ, ಪಕ್ಕದಲ್ಲಿ ಬಾ ಅಂದ್ನಲ್ಲ" ಅಂದಳಂತೆ. ಹುಡುಗಿ ಮತ್ತೆ ಇಲ್ಲವೆಂದು ತಲೆಯಾಡಿಸಿದಳಂತೆ.

"ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂದ ಹಾಗೆ. ಆ ಮಗು ಮೇಲೆ ಹಾಕ್ತಾಳಲ್ಲ, ಎಷ್ಟು ಧೈರ್ಯ!" ಎಂದು ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಯಾರೋ, "ಯಾರಿಗೆ ಮಾರಿದಳೋ ಏನೋ" ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಸಂಜೆಯೊಳಗೆ ಒಂದು ಕಾಗದ ತಯಾರಾಯಿತು. ವಿದ್ಯಾರ್ಥಿನಿಯ ಮೇಲೆ ಹೊರಿಸಿದ ಅಪವಾದ ಸುಳ್ಳೆಂದೂ, ಸದರಿ ಆಯಾಳ ನಡತೆಯ ಬಗ್ಗೆ ಸಿಬ್ಬಂದಿಗೆ ನಂಬಿಕೆಯಿಲ್ಲವೆಂದೂ ಅದರಲ್ಲಿತ್ತು. ಗುಮಾಸ್ತರು ಮೇಜಿನಿಂದ ಮೇಜಿಗೆ ತಂದರು. ಸೂಜಿ ಮಿಸ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಆಯಮ್ಮ ಅಂಥೋಳಲ್ಲ" ಎಂದರು ಮೆತ್ತಗೆ.

"ಹಾಗಾದ್ರೆ ಆ ಮಗು ಅಂಥೋಳಾ?" ಎಂದು ಮೇಷ್ಟ್ರು ಕೇಳಿದರು.

ಎಲ್ಲರೂ ಸೂಜಿ ಮಿಸ್ಸನ್ನೇ ನೋಡುತ್ತಿದ್ದರು. ಅವರು ಪೆನ್ನು ತೆಗೆದು ಸಹಿ ಹಾಕಿದರು. ಅವರ ಕೆಳಗೆ ನಾನು ಹಾಕಿದೆ. ಮರುದಿನ ಆಯಮ್ಮ ಬೀಗದ ಕೈಗಳನ್ನು ಆಫೀಸಿನ ಮೇಜಿನ ಮೇಲಿಟ್ಟು ಹೊರಟುಹೋದಳು. ಪರೀಕ್ಷೆ ನಡೆದಂತೆ ನಡೆಯಿತು, ಹೊರಗೆ ಸುದ್ದಿ ಹೋಗಲಿಲ್ಲ. ರ‍್ಯಾಂಕಮ್ಮನಿಗೆ ಲೆಕ್ಕದಲ್ಲಿ ನೂರಕ್ಕೆ ನೂರು ಬಂತು.

ಇದಾಗಿ ಐದು ವಾರಕ್ಕೆ ಒಂದು ಗುರುವಾರ, ಯಾರೂ ಪೀರಿಯಡ್ಡು ಕೇಳಿ ಬರಲಿಲ್ಲ. ಸೂಜಿ ಮಿಸ್ ಒಂಬತ್ತನೇ ತರಗತಿಗೆ ಹೋಗಿ, ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟು, ಮಕ್ಕಳಿಗೆ ತಮ್ಮದೇ ಒಂದು ಕಥೆ ಹೇಳಿದರು. ದರ್ಜಿ ಅಂಗಡಿಯಲ್ಲಿದ್ದಾಗ ಹತ್ತೊಂಬತ್ತು ವರ್ಷ ಅವರಿಗೆ. ಒಬ್ಬ ಹೆಂಗಸು ಮಗಳ ಮದುವೆಗೆಂದು ತಂದ ಬಟ್ಟೆಯನ್ನು ತಪ್ಪು ಕತ್ತರಿಸಿಬಿಟ್ಟರು. ಕತ್ತರಿಸಿದ ತುಂಡನ್ನು ಮಿಷನ್ನಿನ ಕೆಳಗೆ ತುರುಕಿ, ಬಟ್ಟೆಯೇ ಕಮ್ಮಿ ಕೊಟ್ಟಿದ್ದಾರೆ ಎಂದು ಅಂಗಡಿಯ ಯಜಮಾನರಿಗೆ ಹೇಳಿದರು. ಯಜಮಾನರು ಆ ಹೆಂಗಸನ್ನು ಹತ್ತು ಜನರ ಮುಂದೆ ಸುಳ್ಳಿ ಅಂದರು.

"ಆಕೆ ಅಳ್ತಾ ಹೋದ್ರು. ನಾನು ತಲೆ ಎತ್ತದೆ ಮಿಷನ್ ತುಳೀತಾ ಇದ್ದೆ. ಆಮೇಲೆ ಹುಡುಕಿದೆ, ಸಿಗ್ಲಿಲ್ಲ. ಇವತ್ತಿಗೂ ಆ ಬಟ್ಟೆ ಬಣ್ಣ ಕಣ್ಣಲ್ಲಿದೆ. ನಿಮಗೆ ಉಪದೇಶ ಮಾಡೋ ಯೋಗ್ಯತೆ ನಂಗಿಲ್ಲ. ಹೇಳ್ಕೊಳ್ಳೋದು ಏನಾದ್ರೂ ಇದ್ರೆ, ಬೇಗ ಹೇಳ್ಕೊಂಡು ಬಿಡಿ. ಅಷ್ಟೇ ನನ್ನ ಪಾಠ."

ಗಂಟೆ ಹೊಡೆಯಿತು, ಮಕ್ಕಳು ವ್ಯಾನು ಹಿಡಿಯಲು ಓಡಿದರು. ಮೊದಲ ಬೆಂಚಿನ ಹುಡುಗಿ ಮಾತ್ರ ಚೀಲದ ಜಿಪ್ಪು ಎಳೆಯುತ್ತಾ, ಮತ್ತೆ ಬಿಚ್ಚುತ್ತಾ ಕೂತಿದ್ದಳು. ಆಮೇಲೆ ಎದ್ದು ಬಂದು ಮೇಜಿನ ಪಕ್ಕ ನಿಂತಳು.

"ಮಿಸ್, ಆಯಮ್ಮ ಹೇಳಿದ್ದು ನಿಜ."

ಸೂಜಿ ಮಿಸ್ಸಿಗೆ ಮೊದಲು ಅರ್ಥವೇ ಆಗಲಿಲ್ಲವಂತೆ.

"ಪೆನ್ಸಿಲ್ ಮೆಂಡರ್‌ನ ಬ್ಲೇಡ್ ಬಿಚ್ಕೊಂಡು, ಗೋಂದು ಹಿಡ್ಕೊಂಡು ಹೋಗಿದ್ದೆ. ಹಿಂದಿನ ಟೆಸ್ಟ್‌ನಲ್ಲಿ ಸೆಕೆಂಡ್ ಬಂದಿದ್ದೆ ಮಿಸ್. ಅಪ್ಪ ನಾಲ್ಕು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಊಟಕ್ಕೆ ಕೂತಾಗ್ಲೂ ಮಾತಾಡ್ಲಿಲ್ಲ." ಅಷ್ಟು ಹೇಳುವಷ್ಟರಲ್ಲಿ ಹುಡುಗಿಗೆ ಬಿಕ್ಕಳಿಕೆ ಹತ್ತಿತು. "ಆಯಮ್ಮ ನಂಗೆ ಒಂದನೇ ಕ್ಲಾಸಲ್ಲಿ ದಿನಾ ಲೇಸ್ ಕಟ್ತಾ ಇದ್ರು."

ಸೂಜಿ ಮಿಸ್ ಅವಳ ತಲೆಯನ್ನು ಎದೆಗೊತ್ತಿಕೊಂಡು ನಿಂತರಂತೆ. "ಆ ಗಳಿಗೇಲಿ ನಂಗೆ ಸಂತೋಷ ಆಯ್ತು ಕಣ್ರೀ, ಸುಳ್ಳು ಹೇಳಲ್ಲ" ಎಂದು ಆಮೇಲೆ ನನಗೆ ಹೇಳಿದರು. "ಆರು ವರ್ಷದಲ್ಲಿ ಒಂದು ಮಗೂಗೆ ನನ್ನ ಪಾಠ ತಾಗಿತಲ್ಲ ಅಂತ."

ಹುಡುಗಿಗೆ ಅವರು ಗದರಲಿಲ್ಲ, ಯಾರಿಗೂ ಹೇಳುತ್ತೇನೆ ಅನ್ನಲಿಲ್ಲ. ಇಷ್ಟೇ ಹೇಳಿದರು: ನಾಳೆ ಬೆಳಿಗ್ಗೆ ನೀನೇ ಪ್ರಿನ್ಸಿಪಾಲ್ ಮೇಡಂಗೆ ಹೇಳು, ನಾನು ನಿನ್ನ ಕೈ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತೀನಿ. ಹುಡುಗಿ ಕಣ್ಣೊರೆಸಿಕೊಂಡು, "ಇವತ್ತು ಅಮ್ಮಂಗೂ ಹೇಳ್ತೀನಿ ಮಿಸ್" ಅಂದಳು. ಹೇಳು ಅಂದರು ಇವರು. ಹೆತ್ತವರಿಂದ ಮುಚ್ಚಿಡು ಎಂದು ಮಗುವಿಗೆ ಹೇಳುವುದು ಹೇಗೆ?

ಮನೆಯಲ್ಲಿ ಗಂಡನಿಗೆ ಹೇಳಿದರು. ಅವರ ಯಜಮಾನರು ಬಸ್ ನಿಲ್ದಾಣದಲ್ಲಿ ವಿಚಾರಣೆ ಕಿಟಕಿಯ ಹಿಂದೆ ಕೂತು ಮೂವತ್ತು ವರ್ಷ ಜನರಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳಿ ನಿವೃತ್ತರಾದವರು. ಚಪ್ಪಲಿಯ ಬಾರಿಗೆ ಅಂಟು ಹಚ್ಚುತ್ತಾ ಕೇಳಿಸಿಕೊಂಡರು.

"ನೋಡೇ, ಬಸ್ಸು ಬರೋದು ಗ್ಯಾರಂಟಿ ಇಲ್ಲದೆ ನಾನು ಯಾರಿಗೂ ಟೈಮ್ ಹೇಳ್ತಿರ್ಲಿಲ್ಲ. ನೀನು ಆ ಮಗೂಗೆ ನಾಳೆ ಬಾ ಅಂದಿದ್ದೀಯ. ನಾಳೆ ಬರುತ್ತಾ?"

"ಬರುತ್ತೇರಿ. ಅವಳ ಕಣ್ಣು ನೋಡಿದ್ದೀನಿ."

"ಅವಳು ಬರ್ತಾಳೆ. ಅವರಪ್ಪ ಬಿಡ್ಬೇಕಲ್ಲ?"

ಬೆಳಿಗ್ಗೆ ಎಂಟೂವರೆಗೆ ಡಾಕ್ಟರ ಕಾರು ಪ್ರಿನ್ಸಿಪಾಲ್ ಕೋಣೆಯ ಮುಂದೆ ನಿಂತಿತ್ತು. ಸೂಜಿ ಮಿಸ್ಸಿಗೆ ಕರೆ ಬಂತು. ಒಳಗೆ ಡಾಕ್ಟರು, ಅವರ ಹೆಂಡತಿ, ನಡುವೆ ಹುಡುಗಿ. ಡಾಕ್ಟರು ಕೂಗಾಡುವ ಮನುಷ್ಯರಲ್ಲ. ಎದ್ದು ನಿಂತು ಕುರ್ಚಿ ತೋರಿಸಿ, ಇವರು ಕೂತ ಮೇಲೆ ತಾವು ಕೂತರು.

"ಮೇಡಂ, ನಮ್ಮ ಮಗಳು ಸ್ವಲ್ಪ ಸೂಕ್ಷ್ಮ. ನೀವು ನಿನ್ನೆ ಕ್ಲಾಸಲ್ಲಿ ಏನೋ ಕಥೆ ಹೇಳಿದ್ರಂತೆ, ಅದು ಅವಳ ಮನಸ್ಸಿಗೆ ಹೊಕ್ಕಿಬಿಟ್ಟಿದೆ. ಮಾಡದೇ ಇದ್ದದ್ದನ್ನೂ ಮಾಡಿದೆ ಅಂದ್ಕೊಂಡಿದ್ದಾಳೆ."

"ಅವಳೇ ಹೇಳಿದ್ಲು ಸರ್. ಮೆಂಡರ್ ಬ್ಲೇಡಿನ ವಿಷಯ ನಂಗೆ ಹೇಗೆ ಗೊತ್ತಾಗ್ಬೇಕು?"

ಪ್ರಿನ್ಸಿಪಾಲ್ ಮೇಡಂ ಪೇಪರ್‌ವೇಟನ್ನು ಉರುಳಿಸುತ್ತಾ ಹುಡುಗಿಯ ಕಡೆ ತಿರುಗಿದರು. "ಹೇಳಮ್ಮಾ, ನೀನು ಮಿಸ್‌ಗೆ ಹಾಗೆ ಹೇಳಿದ್ಯಾ?"

ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ ಮಗಳ ಮಂಡಿಯ ಮೇಲೆ ಕೈಯಿಟ್ಟಿದ್ದರು. ಸೂಜಿ ಮಿಸ್ ಹೇಳುವಂತೆ ಆ ಕೈ ಏನೂ ಒತ್ತಲಿಲ್ಲ, ಚಿವುಟಲಿಲ್ಲ, ಸುಮ್ಮನೆ ಅಲ್ಲಿತ್ತು.

"ಇಲ್ಲ ಮೇಡಂ. ಮಿಸ್ ತಪ್ಪು ತಿಳ್ಕೊಂಡಿದ್ದಾರೆ."

ದನಿ ನಡುಗಲಿಲ್ಲವಂತೆ. ಮೊದಲ ಸಲ ಆಯಮ್ಮನ ಮುಂದೆ ನಿಂತಾಗ ಹೇಗಿತ್ತೋ ಹಾಗೆ, ಬಾಯಿಪಾಠ ಒಪ್ಪಿಸಿದ ಹಾಗೆ.

ಹುಡುಗಿಯನ್ನೂ ತಾಯಿಯನ್ನೂ ಹೊರಗೆ ಕಳಿಸಿದ ಮೇಲೆ ಡಾಕ್ಟರು ಮುಂದಕ್ಕೆ ಬಾಗಿ ಕೂತರು. ಆಮೇಲೆ ದನಿ ತಗ್ಗಿಸಿ, "ನೀವೂ ತಾಯಿ. ಒಂದು ಮಾತು ಕೇಳ್ತೀನಿ. ಆ ಆಯಾಗೆ ಬೇರೆ ಕಡೆ ಕೆಲಸ ಸಿಗುತ್ತೆ. ಕಸ ಗುಡಿಸೋ ಕೆಲಸಕ್ಕೇನು ಬರ. ನನ್ನ ಮಗಳಿಗೆ ಕಳ್ಳಿ ಅನ್ನೋ ಹೆಸರು ಅಂಟಿದ್ರೆ ಬಿಡುತ್ತಾ? ಅವಳಿಗೆ ಹದಿನಾಲ್ಕು ವರ್ಷ" ಅಂದರು. ಕಣ್ಣಲ್ಲಿ ನಿಜವಾಗಿ ನೀರಿತ್ತು. "ಬುದ್ಧಿ ನಾನು ಮನೇಲಿ ಹೇಳ್ಕೋತೀನಿ. ಬಿಟ್ಬಿಡಿ."

"ಏನು ಬುದ್ಧಿ ಹೇಳ್ತೀರಿ ಸರ್?" ಎಂದು ಸೂಜಿ ಮಿಸ್ ಕೇಳಿದರು. ವ್ಯಂಗ್ಯಕ್ಕಲ್ಲ, ನಿಜವಾಗಿ ಕೇಳಿದ್ದು. ಡಾಕ್ಟರು ಎದ್ದರು.

ಅವರು ಹೋದ ಮೇಲೆ ಪ್ರಿನ್ಸಿಪಾಲ್ ಮೇಡಂ ಬಾಗಿಲು ಹಾಕಿಕೊಂಡರು. "ನಂಗೂ ಗೊತ್ತು. ಮೊದಲನೇ ದಿನಾನೇ ಗೊತ್ತಿತ್ತು ಅಂತಿಟ್ಕೊಳ್ಳಿ. ಪತ್ರಿಕೆ ಕಳುವಾಯ್ತು ಅಂತ ಹೊರಗೆ ಬಿದ್ರೆ ಪರೀಕ್ಷೇನೇ ಮತ್ತೆ ಮಾಡ್ಬೇಕು, ಶಾಲೆ ಮಾನ್ಯತೆ ಬಗ್ಗೆ ತನಿಖೆ ಬರುತ್ತೆ. ಮುಂದಿನ ವರ್ಷ ಆ ಹುಡುಗಿ ಮೇಲೆ ಇಡೀ ಶಾಲೆ ಹೆಸರು ನಿಂತಿದೆ. ನಾನು ಅಡಕತ್ತರೀಲಿ ಸಿಕ್ಕೊಂಡಿದ್ದೀನಿ. ನೀವಾದ್ರೂ ಅರ್ಥ ಮಾಡ್ಕೊಳ್ಳಿ."

ಸೂಜಿ ಮಿಸ್ ಎಲ್ಲರನ್ನೂ ಅರ್ಥ ಮಾಡಿಕೊಂಡರು. ಅದೇ ಅವರ ಕಷ್ಟ. ತಂದೆಯ ಹೆದರಿಕೆ ಅರ್ಥವಾಯಿತು, ಮೇಡಂ ಪಾಡು ಅರ್ಥವಾಯಿತು, ಹುಡುಗಿಯ ಬಾಯಿ ಹೇಗೆ ಕಟ್ಟಿತೆಂಬುದಂತೂ ಚೆನ್ನಾಗಿ ಅರ್ಥವಾಯಿತು. ಯಾರ ಮೇಲಾದರೂ ಸಿಟ್ಟು ಬಂದಿದ್ದರೆ ಆ ಸಿಟ್ಟಿನ ಬಲದಲ್ಲಿ ಏನಾದರೂ ಮಾಡುತ್ತಿದ್ದರೇನೋ. ಸಾಕ್ಷಿ ಇರಲಿಲ್ಲ. ಇದ್ದ ಒಂದೇ ಸಾಕ್ಷಿ ಆ ಮಗು. ಅದನ್ನು ಹಿಡಿದು ಎಳೆದರೆ ಹರಿಯುವುದು ಮಗುವೇ.

ಸ್ಟಾಫ್ ರೂಮಿಗೆ ಬಂದು ನೀರು ಕುಡಿದು ನನಗೆ ಎಲ್ಲ ಹೇಳಿದರು. ನಾನು ಏನಂದೆ? "ಬಿಸಿ ತುಪ್ಪ ಮಿಸ್, ಉಗುಳೋಕೂ ಆಗಲ್ಲ ನುಂಗೋಕೂ ಆಗಲ್ಲ" ಅಂದೆ. ಗಾದೆ ಹೇಳಿದರೆ ಏನೋ ಮಾಡಿದ ಹಾಗೆ ಅನ್ನಿಸುತ್ತದೆ. ಅಂದು ನನ್ನ ಕೈಲಾದದ್ದು ಅಷ್ಟೇ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅವರು ಮಾತ್ರ ಎದ್ದು ಆಫೀಸಿಗೆ ಹೋಗಿ ಗುಮಾಸ್ತರ ಮುಂದೆ ನಿಂತರು. "ಅವತ್ತಿನ ಕಾಗದ ಕೊಡಿ. ನನ್ನ ಸಹಿ ಹೊಡೆದು ಹಾಕ್ತೀನಿ."

"ಫೈಲಿಗೆ ಹೋದ ಕಾಗದ ವಾಪಸ್ ಬರಲ್ಲ ಮಿಸ್" ಎಂದರು ಗುಮಾಸ್ತರು. ಪಾಪ, ಅವರಿಗೆ ಇವರ ಮೇಲೆ ಗೌರವ. "ಬೇಕಾದ್ರೆ ಬೇರೆ ಅರ್ಜಿ ಕೊಡಿ, ಅದನ್ನೂ ಫೈಲಿಗೆ ಹಾಕ್ತೀನಿ."

ಇವರು ಅರ್ಜಿ ಬರೆದರು. ಅದೂ ಫೈಲು ಸೇರಿತು.

ಆ ಭಾನುವಾರ ಅವರು ಆಯಮ್ಮನ ಮನೆಗೆ ಹೊರಟರು. ನಾನೂ ಜೊತೆಗೆ ಹೋದೆ. ಒಂದರ ಪಕ್ಕ ಒಂದು ಆರು ಮನೆಗಳ ಸಾಲು, ಎಲ್ಲಕ್ಕೂ ಸೇರಿ ಹಿತ್ತಲಲ್ಲಿ ಒಂದೇ ನಲ್ಲಿ. ಆಯಮ್ಮ ಬಟ್ಟೆ ಹಿಂಡುತ್ತಿದ್ದಳು. ನಮ್ಮನ್ನು ಕಂಡು ಕೈಯೊರೆಸಿಕೊಂಡು, ಒಳಗೆ ಕರೆದು, ಮಂಚದ ಮೇಲಿನ ಬಟ್ಟೆಯ ರಾಶಿ ಸರಿಸಿ ಕೂರಿಸಿದಳು. ಹಾಲಿಲ್ಲದ ಚಹಾ ಕೊಟ್ಟಳು. ಸೂಜಿ ಮಿಸ್ ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದರು. ತಮ್ಮ ಸಹಿಯ ವಿಷಯವನ್ನೂ ಬಿಡಲಿಲ್ಲ.

ಆಯಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು. ಕೊನೆಗೆ, "ಮಗು ಹೇಳ್ತಾ?" ಅಂದಳು.

"ಹೇಳ್ತು."

"ಅತ್ತುಬಿಡ್ತಾ?"

"ಅತ್ಲು."

"ಪಾಪ" ಎಂದಳು. ಆಮೇಲೆ, "ತಾಯೀ, ನಾನು ತಗೊಂಡಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಈಗ ನಿಮಗೂ ಗೊತ್ತಾಯ್ತು. ಇದ್ರಿಂದ ಏನಾಯ್ತು?" ಅಂದಳು. ಕೊಂಕಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು.

ಆಯಮ್ಮ ಲೋಟಗಳನ್ನು ಎತ್ತಿ ಒಳಗಿಟ್ಟು ಬಂದಳು.

"ಎರಡು ಶಾಲೆಗೆ ಹೋಗಿದ್ದೆ. ಅಲ್ಲಿ ಯಾಕೆ ಬಿಟ್ಟೆ ಅಂತಾರೆ. ಹಳೇ ಶಾಲೇದು ಒಂದು ಕಾಗದ ತಗೊಂಡು ಬಾ ಅಂತಾರೆ. ಇವಳು ಒಳ್ಳೇವಳು ಅಂತ ನಾಲ್ಕಕ್ಷರ ಇದ್ರೆ ಸಾಕು. ಅದೊಂದು ಕೊಡ್ಸಿ ತಾಯೀ. ಕೆಲ್ಸ ವಾಪಸ್ ಬೇಡ. ಆ ಮಗೂನ ಮತ್ತೆ ಯಾರ ಮುಂದೇನೂ ನಿಲ್ಲಿಸ್ಬೇಡಿ. ನಾಲ್ಕಕ್ಷರ ಸಾಕು."

ಅದು ಸಿಗುತ್ತದೆ ಅಂತಲೇ ನಾವಿಬ್ಬರೂ ಅಂದುಕೊಂಡೆವು. ಸೋಮವಾರ ಸೂಜಿ ಮಿಸ್ ತಾವೇ ಬರೆದುಕೊಂಡು ಪ್ರಿನ್ಸಿಪಾಲ್ ಮೇಡಂ ಹತ್ತಿರ ಹೋದರು. 'ಈಕೆ ಹದಿನೈದು ವರ್ಷ ನಮ್ಮಲ್ಲಿ ಕೆಲಸ ಮಾಡಿದ್ದು, ನಡತೆ ಉತ್ತಮವಾಗಿರುತ್ತದೆ.' ಮೇಡಂ ಓದಿ, ಪೆನ್ನು ಕೈಗೆತ್ತಿಕೊಂಡರಂತೆ. ಕ್ಯಾಪು ತೆಗೆದು, ಮತ್ತೆ ಹಾಕಿದರಂತೆ.

"ನಡತೆ ಉತ್ತಮ ಅಂತ ನಾನೇ ಬರೆದುಕೊಟ್ರೆ, ಮತ್ಯಾಕೆ ತೆಗೆದ್ರಿ ಅಂತ ನಾಳೆ ಕೇಳ್ತಾರಲ್ಲ? ಫೈಲಲ್ಲಿ ಒಂದು, ಕೈಯಲ್ಲಿ ಒಂದು ಆಗುತ್ತೆ. ಆಗಲ್ಲ ಮಿಸ್. ಬೇರೆ ಏನಾದ್ರೂ ಕೇಳಿ."

ಬೇರೆ ಏನೂ ಬೇಡವಾಗಿತ್ತು. ಅವರು ಬಿಳಿ ಹಾಳೆಯ ಮೇಲೆ ತಮ್ಮ ಹೆಸರಲ್ಲೇ ಬರೆದು ಸಹಿ ಮಾಡಿದರು. ನಾನೂ ಮಾಡಿದೆ, ಈ ಸಲ ನಾನೇ ಕೇಳಿ ಮಾಡಿದೆ. ಆಯಮ್ಮ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡು ಮೂರು ಕಡೆ ತೋರಿಸಿದಳು. ಒಂದು ಕಡೆ, ಇದಕ್ಕೆ ಮೊಹರು ಎಲ್ಲಿ ಅಂದರು. ಇನ್ನೊಂದು ಕಡೆ, ಹೊಲಿಗೆ ಟೀಚರು ಯಾರಮ್ಮಾ ನಡತೆ ಹೇಳೋಕೆ ಅಂತ ನಕ್ಕರು. ಮೂರನೆಯವರು ನಮ್ಮ ಶಾಲೆಗೆ ಫೋನು ಮಾಡಿ ವಿಚಾರಿಸಿದರು. ಅಲ್ಲಿಗೆ ಅದೂ ಮುಗಿಯಿತು. ಎರಡು ತಿಂಗಳು ಕಳೆದ ಮೇಲೆ ಆಯಮ್ಮ ಮನೆ ಖಾಲಿ ಮಾಡಿಕೊಂಡು ಬೇರೆ ಊರಿನಲ್ಲಿದ್ದ ತಂಗಿಯ ಮನೆಗೆ ಹೋದಳು. ತಂಗಿಯ ಗಂಡನಿಗೆ ಅವಳು ಬಂದದ್ದು ಇಷ್ಟವಿರಲಿಲ್ಲವಂತೆ. ಆಮೇಲಿನದು ನಮಗೆ ಗೊತ್ತಿಲ್ಲ. ಹೋಗುವ ಹಿಂದಿನ ದಿನ ಸೂಜಿ ಮಿಸ್ ಅವಳಿಗೆ ಎರಡು ಕುಪ್ಪಸ ಹೊಲಿದುಕೊಟ್ಟರು. ಬೇರೆ ಏನು ಕೊಡಬೇಕೆಂದು ಅವರಿಗೆ ತೋಚಲಿಲ್ಲ.

ವರ್ಷ ಮುಗಿಯುವ ಮುಂಚೆಯೇ ಗುರುವಾರದ ಪೀರಿಯಡ್ಡು ಲೆಕ್ಕದ ಪಾಠಕ್ಕೆ ಹೋಯಿತು, ಉಳಿದ ತರಗತಿಗಳವೂ ಬೇರೆ ಬೇರೆ ಪಾಠಕ್ಕೆ ಹೋದವು. ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಮೌಲ್ಯ ಶಿಕ್ಷಣದ ಹೆಸರು ಹಾಗೇ ಇತ್ತು, ಯಾರಾದರೂ ತಪಾಸಣೆಗೆ ಬಂದರೆ ಇರಲಿ ಎಂದು. ಸೂಜಿ ಮಿಸ್ಸಿಗೆ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟರು. ಬಿಟ್ಟುಬಿಡಿ ಮಿಸ್ ಎಂದು ನಾನೊಮ್ಮೆ ಅಂದೆ. "ಬಿಟ್ಟು? ಆರು ದಿನ ಮನೇಲಿ ಕೂತ್ರೆ ಏಳನೇ ದಿನ ನನ್ನ ಯಜಮಾನ್ರು ನಂಗೂ ಬಸ್ ಟೈಮ್ ಹೇಳೋಕೆ ಶುರು ಮಾಡ್ತಾರೆ" ಎಂದು ನಗಿಸಿದರು. ಆಮೇಲೆ, "ನಿವೃತ್ತಿಗೆ ಮೂರು ವರ್ಷ ಇದೆ ಕಣ್ರೀ" ಎಂದರು ಸಣ್ಣಗೆ.

ಹುಡುಗಿ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದಳು. ಒಂದು ದಿನ ಊಟದ ಬಿಡುವಿನಲ್ಲಿ ಕೈ ತೊಳೆಯುವ ನಲ್ಲಿಗಳ ಹತ್ತಿರ ಇಬ್ಬರೂ ಎದುರುಬದುರಾದರು. ಅಕ್ಕಪಕ್ಕ ಯಾರೂ ಇರಲಿಲ್ಲ. ಹುಡುಗಿ ಓಡಿಹೋಗಲಿಲ್ಲ. ನಲ್ಲಿಯ ಕಡೆಗೇ ನೋಡುತ್ತಾ ಕೇಳಿದಳು.

"ಮಿಸ್, ಆಯಮ್ಮ ಎಲ್ಲಿದ್ದಾರೆ?"

"ಬೇರೆ ಊರಿಗೆ ಹೋದ್ರು."

"ಕೆಲಸ ಸಿಕ್ತಾ?"

"ಗೊತ್ತಿಲ್ಲ ಪುಟ್ಟಾ."

ಹುಡುಗಿ ನಲ್ಲಿ ನಿಲ್ಲಿಸಿದಳು. "ಅಪ್ಪ ಅಂತಾರೆ, ತಗೊಂಡಿದ್ದು ಸಣ್ಣ ತಪ್ಪಂತೆ, ಹೇಳಿದ್ದು ದೊಡ್ಡ ತಪ್ಪಂತೆ. ನಾನು ನಿಮಗೆ ಹೇಳದೇ ಇದ್ದಿದ್ರೆ ನಿಮ್ಮ ಪೀರಿಯಡ್ ಇರ್ತಿತ್ತು. ಆಯಮ್ಮಂಗೂ ಏನೂ ಬದಲಾಗ್ಲಿಲ್ಲ. ಹೇಳಿದ್ದು ತಪ್ಪೇ ಅಲ್ವಾ ಮಿಸ್?"

ಆ ಪ್ರಶ್ನೆಯನ್ನು ಸೂಜಿ ಮಿಸ್ ಅವತ್ತೇ ಬಂದು ನನಗೆ ಹೇಳಿದರು. ಅವರ ಕೈ ಇನ್ನೂ ಒದ್ದೆಯಿತ್ತು.

"ನೀವು ಏನಂದ್ರಿ?" ಎಂದೆ.

"ತಪ್ಪಲ್ಲ ಅಂತ ಹೇಳ್ಬೇಕಿತ್ತು. ಬಾಯಿಗೆ ಬಂತು. ಆದ್ರೆ ಅವಳು, ಹಾಗಾದ್ರೆ ಯಾಕೆ ಹೀಗಾಯ್ತು ಅಂತ ಕೇಳಿದ್ರೆ? ತೋರಿಸೋಕೆ ನನ್ನ ಹತ್ರ ಒಂದೇ ಒಂದು ಒಳ್ಳೇದಾಗಿದ್ದು ಇರ್ಲಿಲ್ಲ ಕಣ್ರೀ. ಮನೇಲಿ ಇಬ್ರು, ಇಲ್ಲಿ ಹನ್ನೆರಡು ಜನ ದೊಡ್ಡೋರು ಸೇರಿ ಅವಳಿಗೆ ಪಾಠ ಕಲಿಸಿಯಾಗಿದೆ. ನಾನೊಬ್ಳು ವಾರಕ್ಕೊಂದು ಗಂಟೆಯೋಳು." ಸೆರಗಿನ ತುದಿಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ಅಷ್ಟರಲ್ಲಿ ಬೆಲ್ ಆಯ್ತು. ಹೋದ್ಲು."

ಮುಂದಿನ ವರ್ಷ ಗೇಟಿನ ಹೊರಗಿನ ಬ್ಯಾನರಿನಲ್ಲಿ ಎಲ್ಲಕ್ಕಿಂತ ದೊಡ್ಡ ಫೋಟೋ ಆ ಹುಡುಗಿಯದೇ ಆಗಿತ್ತು. ನಗುತ್ತಿರಲಿಲ್ಲ, ಅಷ್ಟೇ. ಪತ್ರಿಕೆಯವರು ಬಂದು ಯಶಸ್ಸಿಗೆ ಕಾರಣ ಕೇಳಿದಾಗ ಅವಳು ತಂದೆತಾಯಿಯನ್ನೂ ಗುರುಗಳನ್ನೂ ನೆನೆದಳು. ಬಾಗಿಲಾಚೆ ಗ್ರಂಥಾಲಯದಲ್ಲಿ ಸೂಜಿ ಮಿಸ್ ಪುಸ್ತಕವೊಂದಕ್ಕೆ ಗೋಂದು ಹಚ್ಚುತ್ತಾ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಇನ್ನೊಂದು ಪುಸ್ತಕ ಎಳೆದುಕೊಂಡು ಅದರ ಬೆನ್ನಿಗೆ ಚೀಟಿ ಅಂಟಿಸತೊಡಗಿದೆ.